ಸೈಟ್ ಎತ್ತಂಗಡಿ: ಮುದ್ರಣ ಕಾಶಿಯ ರಾತ್ರಿಪಾಳಿ

ಜನವರಿ ಬಂತೆಂದರೆ ಸರ್ವರ್ ನಿಭಾಯಿಸುವ ಸಿಪ್ಯಾನೆಲ್ ತಂತ್ರಾಂಶದ ದರ ಏರುತ್ತದೆ. ಹ್ಯೂಸ್ಟನ್‌ನ ಆ ಕಂಪನಿ ಕೈಗೊಂಡ ತೀರ್ಮಾನಕ್ಕೆ ಗದಗ-ಬೆಟಗೇರಿಯ ಹುಡುಗನೊಬ್ಬ ನಿದ್ದೆಗೆಡುತ್ತಾನೆ. ಶಾಲೆ, ಮಠ, ಸಹಕಾರಿ ಸಂಘ, ಸೀರೆ ಅಂಗಡಿಗಳ ವೆಬ್‌ಸೈಟುಗಳು ರಾತ್ರೋರಾತ್ರಿ ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೊರಡುತ್ತವೆ. ಕಡತ ಸಾಗಿಸುವುದು ಸುಲಭ. ಹೆಣಗಾಟವೆಲ್ಲ ಕನ್ನಡ ಅಕ್ಷರ ಉಳಿಸಿಕೊಳ್ಳುವುದಕ್ಕೆ, ಮತ್ತು ‘ಈ ಸೈಟ್ ಯಾರ ಹೆಸರಿನ್ಯಾಗ ಐತಿ?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ.

ಶನಿವಾರ ರಾತ್ರಿ ಹನ್ನೊಂದು ದಾಟಿದೆ. ಬೆಟಗೇರಿಯ ಓಣಿಯಲ್ಲಿ ಮಗ್ಗದ ಸದ್ದು ನಿಂತು ಬಹಳ ಹೊತ್ತಾಗಿದೆ. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಒಂದು ಬದಿಗೆ ಲಗ್ನಪತ್ರಿಕೆಗಳ ಕಟ್ಟು, ಇನ್ನೊಂದು ಬದಿಗೆ ಸಹಕಾರಿ ಸಂಘದ ವಾರ್ಷಿಕ ವರದಿಯ ಪ್ರೂಫು, ನಡುವೆ ಲ್ಯಾಪ್‌ಟಾಪ್. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಏರುತ್ತಿವೆ.

ಅದರ ಮುಂದೆ ಕುಳಿತ ಹುಡುಗ ಹಗಲು ಹೊತ್ತು ಲಗ್ನಪತ್ರಿಕೆ ಡಿಸೈನ್ ಮಾಡುತ್ತಾನೆ. ರಾತ್ರಿ ಅವನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹತ್ತಾರು ವೆಬ್‌ಸೈಟುಗಳ ಕಾವಲುಗಾರ.

ಫೋನ್ ರಿಂಗಾಯಿತು. ಮುಂಡರಗಿ ಕಡೆಯ ಶಾಲೆಯೊಂದರ ಕಾರ್ಯದರ್ಶಿ.

‘ತಮ್ಮಾ, ಸೋಮವಾರ ಮುಂಜಾನಿ ಸೈಟ್ ಚಾಲೂ ಇರತೈತಿಲ್ಲೋ? ಅಡ್ಮಿಷನ್ ಫಾರ್ಮ್ ಅದರಾಗ ಐತಿ.’

‘ಇರತೈತ್ರಿ ಸರ. ಮೇಲ್ ಅಷ್ಟ ಒಂದಿಷ್ಟು ಹಿಂದ-ಮುಂದ ಆಗಬಹುದು.’

‘ಮೇಲ್ ಯಾರ್ ನೋಡತಾರ ಬಿಡೋ.’

ಈ ಕೊನೆಯ ಮಾತನ್ನು ನಂಬಬಾರದೆಂದು ಹುಡುಗನಿಗೆ ಅನುಭವ ಕಲಿಸಿದೆ. ಸೋಮವಾರ ಬೆಳಿಗ್ಗೆ ಮೊದಲ ದೂರು ಬರುವುದೇ ಮೇಲ್ ಬಗ್ಗೆ.

ಮೊಳೆಯಿಂದ ಮೌಸಿಗೆ

ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ. ಪಠ್ಯಪುಸ್ತಕ, ಪುರಾಣ, ಪಂಚಾಂಗ, ನಾಟಕದ ಪುಸ್ತಕ ಅಚ್ಚು ಹಾಕಿ ಊರೂರಿಗೆ ಕಳಿಸಿದ ಪಟ್ಟಣವಿದು. ಮೊಳೆ ಜೋಡಿಸುತ್ತಿದ್ದವರ ಮಕ್ಕಳು ಡಿಟಿಪಿಗೆ ಬಂದರು. ಡಿಟಿಪಿ ಕಲಿತವರ ಬಳಿಗೆ ಲೆಟರ್‌ಹೆಡ್ ಮಾಡಿಸಲು ಬಂದ ಗಿರಾಕಿ, ‘ಹಂಗ ಒಂದು ವೆಬ್‌ಸೈಟೂ ಮಾಡಿಕೊಡ್ರಿ’ ಎಂದ. ಅಲ್ಲಿಂದ ಶುರುವಾಯಿತು.

ದೊಡ್ಡ ಹೋಸ್ಟಿಂಗ್ ಕಂಪನಿಯಿಂದ ಜಾಗವನ್ನು ಸಗಟಾಗಿ ಕೊಂಡು, ಚೂರು ಮಾಡಿ ಚಿಲ್ಲರೆಗೆ ಮಾರುವವನನ್ನು ಈ ಧಂದೆಯಲ್ಲಿ ರಿಸೆಲ್ಲರ್ ಎನ್ನುತ್ತಾರೆ. ಗಿರಾಕಿಗೆ ಸರ್ವರ್ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅವನ ಪಾಲಿಗೆ ವೆಬ್‌ಸೈಟ್ ಇರುವುದು ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ.

ನಿಜಕ್ಕೂ ಅದು ಇರುವುದು ಮುಂಬೈಯಲ್ಲೋ ಸಿಂಗಪುರದಲ್ಲೋ ಯಾವುದೋ ಡೇಟಾ ಸೆಂಟರಿನ ಲಿನಕ್ಸ್ ಯಂತ್ರದಲ್ಲಿ. ಆ ಯಂತ್ರಕ್ಕೆ ಕೀಬೋರ್ಡಿನ ಆಜ್ಞೆ ಬಿಟ್ಟರೆ ಬೇರೆ ಭಾಷೆ ತಿಳಿಯದು. ಹೊಸ ಮೇಲ್‌ಬಾಕ್ಸ್ ತೆರೆಯಬೇಕೆಂದರೂ ನಾಲ್ಕಾರು ಕಡತ ತಿದ್ದಬೇಕು. ಆ ತಾಪತ್ರಯವನ್ನೆಲ್ಲ ಗುಂಡಿ ಒತ್ತುವಷ್ಟು ಹಗುರ ಮಾಡಿಕೊಟ್ಟದ್ದೇ ಕಂಟ್ರೋಲ್ ಪ್ಯಾನೆಲ್.

ಜೆ. ನಿಕ್ ಕೋಸ್ಟನ್ ಎಂಬಾತ 1996ರಲ್ಲಿ ಬರೆದ ಸಿಪ್ಯಾನೆಲ್ ಈ ಬಗೆಯ ಪ್ಯಾನೆಲ್‌ಗಳಲ್ಲಿ ಅತ್ಯಂತ ಹೆಸರುವಾಸಿ. ಅದಕ್ಕೆ ಎರಡು ಬಾಗಿಲು. ಸೈಟಿನ ಒಡೆಯ ಒಳಹೊಗುವುದು ಸಿಪ್ಯಾನೆಲ್ ಮೂಲಕ. ಹತ್ತಾರು ಖಾತೆಗಳನ್ನು ನೋಡಿಕೊಳ್ಳುವ ರಿಸೆಲ್ಲರ್ ಬರುವುದು ವೆಬ್ ಹೋಸ್ಟ್ ಮ್ಯಾನೇಜರ್ ಎಂಬ ಇನ್ನೊಂದು ಬಾಗಿಲಿನಿಂದ. ಇದು ಎಷ್ಟು ರೂಢಿಯಾಯಿತೆಂದರೆ ನಮ್ಮ ಕಡೆ ‘ಹೋಸ್ಟಿಂಗ್’ ಅನ್ನುವ ಬದಲು ‘ಸಿಪ್ಯಾನೆಲ್ ಕೊಡ್ರಿ’ ಎಂದೇ ಕೇಳುವವರಿದ್ದಾರೆ.

ಬಾಕ್ಸ್: ಪ್ಯಾನೆಲ್‌ಗಳ ವಂಶಾವಳಿ

ಸಿಪ್ಯಾನೆಲ್‌ಗೆ ಬಹುಕಾಲದ ಎದುರಾಳಿ ಪ್ಲೆಸ್ಕ್. ಇದರ ಮೂಲ ರಷ್ಯಾದ ನೊವೊಸಿಬಿರ್ಸ್ಕ್. ಓಕ್ಲಿ ಕ್ಯಾಪಿಟಲ್ ಎಂಬ ಬ್ರಿಟಿಷ್ ಹೂಡಿಕೆ ಸಂಸ್ಥೆ 2017ರಲ್ಲಿ ಪ್ಲೆಸ್ಕ್ ಕೊಂಡಿತು, 2018ರಲ್ಲಿ ಸಿಪ್ಯಾನೆಲ್ಲನ್ನೂ ಕೊಂಡಿತು. ಎದುರಾಳಿಗಳಿಬ್ಬರೂ ಒಂದೇ ಮನೆಯವರಾದರು. ಕೆನಡಾದ ಡೈರೆಕ್ಟ್‌ಅಡ್ಮಿನ್ 2003ರಿಂದ ತನ್ನ ಪಾಡಿಗೆ ತಾನು ನಡೆದಿದೆ. ಜೇಮಿ ಕ್ಯಾಮರೂನ್ 1997ರಲ್ಲಿ ಆರಂಭಿಸಿದ ವೆಬ್‌ಮಿನ್ ಮುಕ್ತ ತಂತ್ರಾಂಶ. ಅದರ ಮೇಲೆ ಕಟ್ಟಿದ್ದು ವರ್ಚುವಲ್‌ಮಿನ್. ಹೆಸ್ಟಿಯಾ, ಸೈಬರ್‌ಪ್ಯಾನೆಲ್ ಮುಂತಾದವು ಬಿಟ್ಟಿಯಾಗಿ ಸಿಗುವ ಹೊಸ ತಲೆಮಾರು.

ತಲೆ ಎಣಿಸಿ ದುಡ್ಡು

2019ರ ಜೂನ್ ಕೊನೆಯವರೆಗೂ ಸಿಪ್ಯಾನೆಲ್ ಲೆಕ್ಕ ಸರಳವಾಗಿತ್ತು. ಒಂದು ಸರ್ವರಿಗೆ ಒಂದು ಪರವಾನಗಿ. ಅದರೊಳಗೆ ಹತ್ತು ಖಾತೆ ಇಡಿ, ಐನೂರು ಇಡಿ, ದರ ಒಂದೇ. ಸಣ್ಣ ಸಣ್ಣ ಸೈಟುಗಳನ್ನು ಒಂದೇ ಸರ್ವರಿನಲ್ಲಿ ಒತ್ತೊತ್ತಾಗಿ ತುಂಬಿ ಅಗ್ಗಕ್ಕೆ ಮಾರುವ ವ್ಯಾಪಾರವೆಲ್ಲ ನಿಂತದ್ದೇ ಈ ಲೆಕ್ಕದ ಮೇಲೆ.

ಆ ತಿಂಗಳು ಕಂಪನಿ ಹೊಸ ಪದ್ಧತಿ ಸಾರಿತು, ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿತು. ಇನ್ನು ಮುಂದೆ ಖಾತೆಗಳ ತಲೆ ಎಣಿಸಿ ದುಡ್ಡು. ದೊಡ್ಡ ಪರವಾನಗಿಯಲ್ಲೂ 100 ಖಾತೆಗಷ್ಟೇ ಅವಕಾಶ. ಆಮೇಲಿನ ಒಂದೊಂದಕ್ಕೂ ಬೇರೆ ಹಣ. ಅದರ ಮೇಲೆ 2021ರಿಂದ ಜನವರಿ ಹೊತ್ತಿಗೆ ದರ ಏರಿಸುವುದೂ ಅಭ್ಯಾಸವಾಯಿತು.

ಇದರ ಬಿಸಿ ದೊಡ್ಡ ಊರಿಗಿಂತ ಸಣ್ಣ ಊರಿಗೆ ಹೆಚ್ಚು ತಟ್ಟಿತು. ಬೆಂಗಳೂರಿನ ಕಂಪನಿ ಹೆಚ್ಚಾದ ಹಣವನ್ನು ಬಿಲ್ಲಿಗೆ ಸೇರಿಸಿ ಸುಮ್ಮನಾಗುತ್ತದೆ. ಲಕ್ಷ್ಮೇಶ್ವರದ ಕಿರಾಣಿ ಅಂಗಡಿಯವನಿಗೆ ‘ಡಾಲರ್ ಏರೇತ್ರಿ’ ಎಂದು ಹೇಳಿ ನೋಡಿ. ‘ನಾ ಎಲ್ಲೋ ಡಾಲರ್ ಕೊಟ್ಟೀನಿ ನಿನಗ?’ ಎನ್ನುತ್ತಾನೆ. ಅವನ ಮಾತಿನಲ್ಲೂ ತಪ್ಪಿಲ್ಲ.

ಇನ್ನೊಂದು ಒತ್ತಡವೂ ಹಿಂದಿನಿಂದ ಬಂತು. ಬಹುಪಾಲು ಹೋಸ್ಟಿಂಗ್ ಸರ್ವರ್‌ಗಳು ಓಡುತ್ತಿದ್ದದ್ದು ಸೆಂಟ್‌ಒಎಸ್ ಎಂಬ ಉಚಿತ ಲಿನಕ್ಸ್ ಮೇಲೆ. 2029ರವರೆಗೆ ಬಾಳಬೇಕಿದ್ದ ಅದರ 8ನೇ ಆವೃತ್ತಿಯನ್ನು 2021ರ ಡಿಸೆಂಬರ್ 31ಕ್ಕೇ ನಿಲ್ಲಿಸುವುದಾಗಿ 2020ರ ಡಿಸೆಂಬರಿನಲ್ಲಿ ಘೋಷಣೆಯಾಯಿತು. ಹಳೆಯ 7ನೇ ಆವೃತ್ತಿಯ ಆಯುಷ್ಯ 2024ರ ಜೂನ್ 30ಕ್ಕೆ ಮುಗಿಯಿತು. ಅಲ್ಮಾಲಿನಕ್ಸ್, ರಾಕಿ ಲಿನಕ್ಸ್ ಹುಟ್ಟಿದ್ದು ಆ ಖಾಲಿ ಜಾಗ ತುಂಬಲಿಕ್ಕೆ. ಓಡುತ್ತಿರುವ ಯಂತ್ರದ ಅಡಿಪಾಯವನ್ನೇ ಕಿತ್ತು ಹೊಸದು ಹಾಕುವ ಉಸಾಬರಿ ಬೇಡವೆಂದವರು ಹೊಸ ಸರ್ವರ್ ತೆಗೆದುಕೊಂಡರು. ಹೇಗೂ ಹೊಸ ಸರ್ವರ್, ಪ್ಯಾನೆಲ್ಲನ್ನೂ ಯಾಕೆ ಬದಲಿಸಬಾರದು ಎಂದುಕೊಂಡವರು ಡೈರೆಕ್ಟ್‌ಅಡ್ಮಿನ್ ಕಡೆಗೋ ಬಿಟ್ಟಿ ಪ್ಯಾನೆಲ್ ಕಡೆಗೋ ಹೊರಳಿದರು.

ಬಿಟ್ಟಿ ಎಂದಾಗ ಒಂದು ಮಾತು. 2024ರ ಅಕ್ಟೋಬರಿನಲ್ಲಿ ಸೈಬರ್‌ಪ್ಯಾನೆಲ್‌ನ ಭದ್ರತಾ ದೋಷವೊಂದು ಬಯಲಾಯಿತು. ಆಗ ಅಂತರ್ಜಾಲಕ್ಕೆ ತೆರೆದಿದ್ದ ಸುಮಾರು 22,000 ಸೈಬರ್‌ಪ್ಯಾನೆಲ್ ಸರ್ವರ್‌ಗಳ ಮೇಲೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶದ ದಾಳಿ ನಡೆಯಿತು. ದುಡ್ಡು ಕೊಟ್ಟ ಪ್ಯಾನೆಲ್‌ಗೆ ತೂತು ಬೀಳುವುದಿಲ್ಲ ಎಂದಲ್ಲ. ಆದರೆ ಬಿದ್ದ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದು ಅಲ್ಲಿ ಗೊತ್ತಿರುತ್ತದೆ.

ಗಂಟು ಕಟ್ಟುವುದು, ಬಿಚ್ಚುವುದು

ಈಗ ಕಪ್ಪು ಪರದೆಗೆ ಬರೋಣ. ಹುಡುಗ ಮಾಡುತ್ತಿರುವುದು ಒಂದೊಂದೇ ಖಾತೆಯನ್ನು ಗಂಟು ಕಟ್ಟುವ ಕೆಲಸ. ಸಿಪ್ಯಾನೆಲ್‌ನಲ್ಲಿ ಇದಕ್ಕೆಂದೇ ಒಂದು ಆಜ್ಞೆಯಿದೆ. ಅದು ಖಾತೆಯ ಸಮಸ್ತವನ್ನೂ ಒಂದೇ ಕಡತಕ್ಕೆ ಸೇರಿಸಿ, ‘ಸಿಪಿಮೂವ್’ ಎಂಬ ಮುನ್ನೊಟ್ಟಿಗೆ ಖಾತೆಯ ಹೆಸರು ಅಂಟಿಸಿ ಕೊಡುತ್ತದೆ. ಪುಟ, ಚಿತ್ರ, ಡೇಟಾಬೇಸು, ಮೇಲ್, ಡಿಎನ್ಎಸ್ ದಾಖಲೆ, ಹೊತ್ತಿಗೆ ಸರಿಯಾಗಿ ಓಡುವ ಕ್ರಾನ್ ಕೆಲಸ ಎಲ್ಲವೂ ಅದರೊಳಗೆ.

ಪಾಸ್‌ವರ್ಡ್ ಕೂಡ ಹೋಗುತ್ತದೆ, ಆದರೆ ತಿರುಚಿದ ರೂಪದಲ್ಲಿ. ಹಾಗಾಗಿ ಕಾರ್ಯದರ್ಶಿಯ ಮೇಲ್ ಪಾಸ್‌ವರ್ಡ್ ಏನೆಂದು ಹುಡುಗನಿಗೆ ತಿಳಿಯದೆಯೂ ಅದು ಹೊಸ ಸರ್ವರಿನಲ್ಲಿ ಕೆಲಸ ಮಾಡುತ್ತದೆ. ಕೈಯಾರೆ ಒಂದೊಂದನ್ನೇ ಸಾಗಿಸಿದರೆ ಮಾತ್ರ ಎಲ್ಲರಿಗೂ ಹೊಸ ಪಾಸ್‌ವರ್ಡ್ ಹಂಚಬೇಕು. ಆ ಕೆಲಸ ಬೇಡವೇ ಬೇಡ.

ಸಿಪ್ಯಾನೆಲ್‌ನಿಂದ ಸಿಪ್ಯಾನೆಲ್‌ಗೆ ಹೋಗುವುದಾದರೆ ದೊಡ್ಡ ಕಷ್ಟವಿಲ್ಲ. ಹೊಸ ಸರ್ವರಿನ ವರ್ಗಾವಣೆ ಪರಿಕರಕ್ಕೆ ಹಳೆಯದರ ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಅದೇ ಹೋಗಿ ಎಳೆದು ತರುತ್ತದೆ. ಬೇರೆ ಪ್ಯಾನೆಲ್‌ಗೆ ಹೋದಾಗ ತಕರಾರು. ಸಿಪ್ಯಾನೆಲ್‌ನಲ್ಲಿ ಸೈಟಿನ ಕಡತಗಳು ಖಾತೆಯ ಮನೆಯೊಳಗೆ ‘ಪಬ್ಲಿಕ್ ಎಚ್‌ಟಿಎಂಎಲ್’ ಎಂಬ ಕೋಣೆಯಲ್ಲಿರುತ್ತವೆ. ಡೈರೆಕ್ಟ್‌ಅಡ್ಮಿನ್‌ನಲ್ಲಿ ಆ ಕೋಣೆ ಇನ್ನೆರಡು ಬಾಗಿಲು ಒಳಗೆ, ಡೊಮೇನಿನ ಹೆಸರಿನ ಹಿಂದೆ ಇರುತ್ತದೆ. ಪ್ಲೆಸ್ಕ್‌ನಲ್ಲಿ ಅದರ ಹೆಸರೇ ‘ಎಚ್‌ಟಿಟಿಪಿಡಾಕ್ಸ್’.

ಡೈರೆಕ್ಟ್‌ಅಡ್ಮಿನ್‌ಗೆ ಸಿಪ್ಯಾನೆಲ್ ಗಂಟು ಬಿಚ್ಚಿ ತನ್ನ ರೀತಿಗೆ ಜೋಡಿಸಿಕೊಳ್ಳುವ ವಿದ್ಯೆ ಗೊತ್ತಿದೆ. ಪ್ಲೆಸ್ಕ್‌ಗೂ ಅದರದೇ ಮೈಗ್ರೇಟರ್ ಇದೆ. ಆದರೆ ಹಿಂದೆ ಯಾರೋ ಪುಣ್ಯಾತ್ಮರು ಪ್ರೋಗ್ರಾಮಿನೊಳಗೆ ಹಳೆಯ ದಾರಿಯನ್ನೇ ಅಕ್ಷರಶಃ ಬರೆದಿಟ್ಟಿದ್ದರೆ ಯಾವ ಪರಿಕರವೂ ಅದನ್ನು ಹುಡುಕಿ ತಿದ್ದುವುದಿಲ್ಲ.

ಹಳೆಯ ಸೈಟುಗಳ ಇನ್ನೊಂದು ಗಂಡಾಂತರ ಅವನ್ನು ಬರೆದ ಪಿಎಚ್‌ಪಿ ಭಾಷೆ. ಡೇಟಾಬೇಸ್ ಜೊತೆ ಮಾತಾಡಲು ಎಲ್ಲರೂ ಬಳಸುತ್ತಿದ್ದ ಹಳೆಯ ಆಜ್ಞೆಗಳನ್ನು 2015ರ ಡಿಸೆಂಬರಿನಲ್ಲಿ ಬಂದ 7ನೇ ಆವೃತ್ತಿಯಲ್ಲಿ ಕಿತ್ತುಹಾಕಲಾಯಿತು. ಅದಕ್ಕೂ ಮೊದಲು ಬರೆದ ‘ಫಲಿತಾಂಶ ನೋಡಿ’ ಪುಟ ಹಳೆಯ ಸರ್ವರಿನಲ್ಲಿ ಓಡುತ್ತಲೇ ಇತ್ತು. ಹೊಸದಕ್ಕೆ ಬಂದೊಡನೆ ಬರೀ ಬಿಳಿ ಹಾಳೆ. ಬರೆದವನನ್ನು ಕೇಳೋಣವೆಂದರೆ ಅವನು ಈಗ ಪುಣೆಯಲ್ಲಿ ದೊಡ್ಡ ಕಂಪನಿಯ ಮ್ಯಾನೇಜರ್, ಪಿಎಚ್‌ಪಿ ಮರೆತಿದ್ದಾನೆ.

ಕರೆಂಟ್ ಹೋದರೆ? ಜನ ಮೊದಲು ಕೇಳುವುದು ಇದನ್ನೇ. ಕಡತಗಳು ಬೆಟಗೇರಿಯ ಇಂಟರ್‌ನೆಟ್ ತಂತಿಯ ಮೂಲಕ ಹೋಗುವುದೇ ಇಲ್ಲ. ಒಂದು ಡೇಟಾ ಸೆಂಟರಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತವೆ. ಹುಡುಗ ಇಲ್ಲಿಂದ ಆಜ್ಞೆ ಕೊಡುತ್ತಾನೆ ಅಷ್ಟೆ. ಲ್ಯಾಪ್‌ಟಾಪ್ ಆರಿದರೂ ಅತ್ತ ಕೆಲಸ ನಿಲ್ಲದಂತೆ ಹಿಡಿದಿಡುವ ‘ಸ್ಕ್ರೀನ್’ ಎಂಬ ಪುಟ್ಟ ಪ್ರೋಗ್ರಾಮಿದೆ. ಹೆಸ್ಕಾಂ ಕೈಕೊಟ್ಟ ರಾತ್ರಿಗಳೇ ಅದನ್ನು ಕಲಿಸಿಕೊಟ್ಟಿವೆ.

ಹಳೇ ವಿಳಾಸಕ್ಕೆ ಬಂದ ಕಾಗದ

ಗಂಟು ಬಿಚ್ಚಿದ ಮಾತ್ರಕ್ಕೆ ಸೈಟ್ ಸ್ಥಳಾಂತರವಾದಂತಲ್ಲ. ಸ್ಟೇಷನ್ ರೋಡಿನ ಅಂಗಡಿಯನ್ನು ಮುಳಗುಂದ ನಾಕಾಕ್ಕೆ ಸಾಗಿಸಿದರೂ ಅಂಚೆಯವನು ಕೆಲವು ದಿನ ಹಳೆಯ ಬಾಗಿಲಿಗೇ ಹೋಗುತ್ತಾನೆ. ಅಂತರ್ಜಾಲದಲ್ಲಿ ಈ ವಿಳಾಸದ ಪುಸ್ತಕಕ್ಕೆ ಡಿಎನ್ಎಸ್ ಎಂದು ಹೆಸರು.

ಡೊಮೇನ್ ಹೆಸರಿಗೆ ಯಾವ ಸರ್ವರ್ ಎಂಬುದನ್ನು ಜಗತ್ತಿನ ಬೇರೆ ಬೇರೆ ಕಡೆಯ ಯಂತ್ರಗಳು ಒಮ್ಮೆ ಕೇಳಿ ತಿಳಿದು, ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಕಾಲ ಎಂಬುದನ್ನು ಟಿಟಿಎಲ್ ಎಂಬ ಸಂಖ್ಯೆ ಹೇಳುತ್ತದೆ, ಅದೂ ಸೆಕೆಂಡುಗಳಲ್ಲಿ. 14,400 ಎಂದಿದ್ದರೆ ನಾಲ್ಕು ತಾಸು. 86,400 ಎಂದಿದ್ದರೆ ಇಡೀ ದಿನ. ಕೆಲಸ ಬಲ್ಲವರು ಎರಡು ದಿನ ಮುಂಚೆಯೇ ಅದನ್ನು 300ಕ್ಕೆ ಇಳಿಸಿಟ್ಟಿರುತ್ತಾರೆ. ಆಗ ವಿಳಾಸ ಬದಲಿಸಿದ ಐದು ನಿಮಿಷಕ್ಕೆ ಬಹುಪಾಲು ಜನ ಹೊಸ ಸರ್ವರಿಗೆ ಬರುತ್ತಾರೆ. ಮುಂಚೆ ಇಳಿಸುವುದನ್ನು ಮರೆತು ಅದೇ ರಾತ್ರಿ ಇಳಿಸಿದರೆ ಏನೂ ಪ್ರಯೋಜನವಿಲ್ಲ. ಹಳೆಯ ಸಂಖ್ಯೆಯನ್ನು ಆಗಲೇ ಎಲ್ಲರೂ ನೆನಪಿಟ್ಟುಕೊಂಡಾಗಿದೆ.

ಈ ಸಂಧಿಕಾಲದಲ್ಲಿ ಸೈಟ್ ಎರಡೂ ಕಡೆ ಇರುವುದರಿಂದ ನೋಡುವವರಿಗೆ ತೊಂದರೆ ಕಾಣಿಸದು. ಮೇಲ್ ಕಥೆ ಹಾಗಲ್ಲ. ಕೆಲವು ಪತ್ರ ಹಳೆಯ ಸರ್ವರಿಗೆ ಬೀಳುತ್ತವೆ, ಕೆಲವು ಹೊಸದಕ್ಕೆ. ಹಳೆಯದಕ್ಕೆ ಬಿದ್ದದ್ದನ್ನು ‘ಐಮ್ಯಾಪ್‌ಸಿಂಕ್’ನಂಥ ಪರಿಕರದಿಂದ ಮತ್ತೆ ಬಳಿದು ತರಬೇಕು. ಅಡ್ಮಿಷನ್ ಫಾರ್ಮ್ ತುಂಬಿದ ಪಾಲಕರ ವಿವರವೂ ಹೀಗೆ ಎರಡು ಡೇಟಾಬೇಸಿಗೆ ಹಂಚಿಹೋಗಬಹುದು. ಶಾಲೆಯ ಸೈಟನ್ನು ಶನಿವಾರ ರಾತ್ರಿಯೇ ಎತ್ತುವುದು ಇದೇ ಕಾರಣಕ್ಕೆ.

ಹೊರಗೆ ಹೋಗುವ ಮೇಲ್‌ಗೂ ಕುತ್ತು. ಯಾವ ಸರ್ವರಿಗೆ ಈ ಡೊಮೇನಿನ ಪರವಾಗಿ ಪತ್ರ ಕಳಿಸುವ ಹಕ್ಕಿದೆ ಎಂದು ಡಿಎನ್ಎಸ್‌ನಲ್ಲಿ ಎಸ್‌ಪಿಎಫ್ ಎಂಬ ಸಾಲಿರುತ್ತದೆ. ಅದರಲ್ಲಿ ಹಳೆಯ ಸರ್ವರಿನ ಸಂಖ್ಯೆಯೇ ಉಳಿದಿರುತ್ತದೆ. ಪತ್ರಕ್ಕೆ ಒತ್ತುವ ಡಿಕಿಮ್ ಮುದ್ರೆಯ ಕೀಲಿಯೂ ಹೊಸದಾಗಿರುತ್ತದೆ. ಗೂಗಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಇವೆರಡರ ತಪಾಸಣೆ ಬಿಗಿ ಮಾಡಿವೆ. ಡಿಎನ್ಎಸ್‌ನ ಆ ಎರಡು ಸಾಲು ತಿದ್ದದಿದ್ದರೆ ಶಾಲೆ ಕಳಿಸಿದ ಮೇಲ್ ಪಾಲಕರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಮಲಗುತ್ತದೆ. ‘ಯಾರ್ ನೋಡತಾರ’ ಎಂದವರದೇ ಫೋನ್ ಆಗ ಬರುತ್ತದೆ.

ಸ್ವೀಡನ್ ಅಕಾರಾದಿಯಲ್ಲಿ ಮುಂಡರಗಿ

ಇಂಗ್ಲಿಷ್ ಸೈಟಾದರೆ ಕಥೆ ಇಲ್ಲಿಗೆ ಬಹುಮಟ್ಟಿಗೆ ಮುಗಿಯುತ್ತಿತ್ತು. ಕನ್ನಡದ್ದಾದರೆ ನಿಜವಾದ ಕಂಟಕ ಶುರುವಾಗುವುದು ಈಗ.

ಸೈಟ್ ತೆರೆದರೆ ಚಿತ್ರಗಳಿವೆ, ಬಣ್ಣವಿದೆ, ಮೆನು ಇದೆ. ಕನ್ನಡ ಇರಬೇಕಾದಲ್ಲಿ ಮಾತ್ರ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರ, ಅದರ ಪಕ್ಕ ಪುಟ್ಟದೊಂದು ಎರಡರ ಇಲ್ಲವೇ ಮೂರರ ಅಂಕಿ, ಮತ್ತೇನೋ ಚಿಹ್ನೆ; ಇಂಥ ತ್ರಿವಳಿಗಳೇ ಮತ್ತೆ ಮತ್ತೆ ಪುಟದುದ್ದಕ್ಕೂ. ಇಲ್ಲವೆಂದರೆ ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. ‘ವೈರಸ್ ಬಂದೈತಿ’ ಎಂದು ಗಿರಾಕಿ ಗಾಬರಿಯಾಗುತ್ತಾನೆ.

ಕಾರಣ ಸ್ವೀಡನ್‌ನಲ್ಲಿದೆ. ಬಹುತೇಕ ಸೈಟುಗಳ ಡೇಟಾಬೇಸ್ ಮೈಎಸ್‌ಕ್ಯುಎಲ್. ಅದನ್ನು ಕಟ್ಟಿದ್ದು ಸ್ವೀಡನ್‌ನ ಕಂಪನಿ. ಬಳಸುವವರು ಬೇರೆ ಹೇಳದಿದ್ದರೆ ಅದು ಬರಹವನ್ನೆಲ್ಲ ಪಶ್ಚಿಮ ಯುರೋಪಿನ ಲ್ಯಾಟಿನ್-1 ಲಿಪಿಯದೆಂದೂ, ಅಕಾರಾದಿ ಕ್ರಮವನ್ನು ಸ್ವೀಡಿಷ್ ಎಂದೂ ತಿಳಿಯುತ್ತಿತ್ತು. 2018ರಲ್ಲಿ 8.0 ಆವೃತ್ತಿ ಬರುವವರೆಗೂ ಇದೇ ಪದ್ಧತಿ. ನಮ್ಮ ಹುಡುಗರು ಬೇರೆ ಏನೂ ಹೇಳಿರಲಿಲ್ಲ. ಹೀಗಾಗಿ ಮುಂಡರಗಿಯ ಶಾಲೆಯ ಗ್ಯಾದರಿಂಗ್ ವರದಿ ವರ್ಷಗಟ್ಟಲೆ ಸ್ವೀಡಿಷ್ ಎಂಬ ಹಣೆಪಟ್ಟಿ ಹೊತ್ತು ಮಲಗಿತ್ತು.

ಮಲಗಿದ್ದಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ. ಹಾಕಿದ ಬೈಟುಗಳನ್ನೇ ಡೇಟಾಬೇಸ್ ಹಾಗೇ ತೆಗೆದುಕೊಡುತ್ತಿತ್ತು, ಬ್ರೌಸರ್ ಅದನ್ನು ಕನ್ನಡವೆಂದು ಸರಿಯಾಗಿ ಓದುತ್ತಿತ್ತು. ಸರ್ವರ್ ಬದಲಿಸುವ ರಾತ್ರಿ ಮಾತ್ರ ಗುಟ್ಟು ರಟ್ಟಾಗುತ್ತದೆ. ಗಂಟು ಕಟ್ಟುವ ಪರಿಕರ ಹಣೆಪಟ್ಟಿಯನ್ನು ನಂಬುತ್ತದೆ. ‘ಇದು ಲ್ಯಾಟಿನ್, ಎಲ್ಲ ಲಿಪಿಗೂ ಒಗ್ಗುವ ಯುಟಿಎಫ್-8ಕ್ಕೆ ಬದಲಿಸುತ್ತೇನೆ’ ಎಂದು, ಆಗಲೇ ಯುಟಿಎಫ್-8 ಆಗಿರುವ ಕನ್ನಡವನ್ನು ಮತ್ತೊಮ್ಮೆ ಬದಲಿಸುತ್ತದೆ. ಒಂದೊಂದು ಅಕ್ಷರವೂ ಮೂರು ಚೂರಾಗುತ್ತದೆ.

ಸಮಾಧಾನವೆಂದರೆ, ಚೂರಾದದ್ದನ್ನು ಮತ್ತೆ ಕೂಡಿಸಬಹುದು. ಹಳೆಯ ಸರ್ವರಿನಿಂದ ‘ಲ್ಯಾಟಿನ್’ ಎಂದು ಹೇಳಿಯೇ ಡೇಟಾಬೇಸನ್ನು ಇಳಿಸಿಕೊಂಡು, ಆ ಕಡತದಲ್ಲಿರುವ ಹಣೆಪಟ್ಟಿಯನ್ನಷ್ಟೇ ‘ಯುಟಿಎಫ್8ಎಂಬಿ4’ ಎಂದು ತಿದ್ದಿ ಹೊಸದಕ್ಕೆ ಏರಿಸಿದರೆ ಕನ್ನಡ ಮೊದಲಿನಂತೆ ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆಯಾದದ್ದು ಮಾತ್ರ ಹೋದಂತೆಯೇ. ಅಲ್ಲಿ ಮೂಲ ಬೈಟುಗಳೇ ಉಳಿದಿರುವುದಿಲ್ಲ. ಹಳೆಯ ಸರ್ವರನ್ನು ಅವಸರದಿಂದ ಅಳಿಸಿದ್ದರೆ ಆ ವರದಿಯನ್ನು ಯಾರೋ ಕುಳಿತು ಮತ್ತೆ ಟೈಪ್ ಮಾಡಬೇಕು.

ಇನ್ನೂ ಹಳೆಯ ಸೈಟುಗಳಲ್ಲಿ ಮೂರನೆಯ ಬಗೆಯೊಂದಿದೆ. ಅವುಗಳಲ್ಲಿರುವುದು ಯೂನಿಕೋಡ್ ಅಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಕೀಲಿಸಿದ ಪಠ್ಯ. ಕಣ್ಣಿಗೆ ಕನ್ನಡ, ಒಳಗೆ ರೋಮನ್ ಅಕ್ಷರ. ಫಾಂಟ್ ಇದ್ದರೆ ಭಾಷೆ, ಇಲ್ಲದಿದ್ದರೆ ಬಡಬಡಿಕೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಇದ್ದ ಕಾಲಕ್ಕೆ ಫಾಂಟನ್ನು ಸೈಟಿನ ಜೊತೆಗೇ ಕಳಿಸುವ ಉಪಾಯ ನಡೆಯುತ್ತಿತ್ತು. ಆ ಬ್ರೌಸರ್ 2022ರ ಜೂನಿನಲ್ಲಿ ನಿವೃತ್ತಿಯಾಯಿತು. ಸರ್ವರ್ ಬದಲಿಸಿದವನದು ಇಲ್ಲಿ ತಪ್ಪೇನೂ ಇಲ್ಲ, ಆದರೂ ಬೈಗುಳ ಅವನಿಗೇ. ಮುದ್ರಣ ಕಾಶಿಯಲ್ಲಿ ಇಂಥ ಪಠ್ಯದ ರಾಶಿಯೇ ಇದೆ. ಅಚ್ಚಿನ ಕೆಲಸಕ್ಕೆ ಇಂದಿಗೂ ಅದೇ ಕೈಗೆ ಹತ್ತಿದ್ದು, ಅಲ್ಲಿಂದಲೇ ಕತ್ತರಿಸಿ ಸೈಟಿಗೆ ಅಂಟಿಸಿದವರೂ ಇದ್ದಾರೆ.

ಬಾಕ್ಸ್: ಊರಿನ ತೂಕ

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. ವ್ಯಂಜನ, ಸ್ವರಚಿಹ್ನೆ, ಹಲಂತ ಚಿಹ್ನೆ, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಗದಗ’ 9 ಬೈಟ್, ‘ಮುಂಡರಗಿ’ 21, ‘ಶಿರಹಟ್ಟಿ’ 24, ‘ಲಕ್ಷ್ಮೇಶ್ವರ’ 33. ಇಂಗ್ಲಿಷಿನಲ್ಲಿ ಗದಗಕ್ಕೆ 5 ಬೈಟ್ ಸಾಕು. ಲ್ಯಾಟಿನ್ ಹಣೆಪಟ್ಟಿಯ 255ರ ಅಂಕಣದಲ್ಲಿ ಕನ್ನಡದ 85 ಚಿಹ್ನೆ ಮಾತ್ರ ಹಿಡಿಸುತ್ತವೆ. ಉದ್ದ ಶೀರ್ಷಿಕೆಗಳು ನಡುವೆಯೇ ತುಂಡಾಗುವುದು ಅದಕ್ಕೇ.

ಬಾಕ್ಸ್: ಪುಲಿಗೆರೆಯ ಹಳೇ ಎತ್ತಂಗಡಿ

ಪ್ರತಿ ಮಾಡುವಾಗಿನ ಗೊಂದಲ ಈ ಸೀಮೆಗೆ ಹೊಸತಲ್ಲ. ಪುಲಿಗೆರೆ, ಅಂದರೆ ಈಗಿನ ಲಕ್ಷ್ಮೇಶ್ವರದ ಶಂಖ ಬಸದಿಗೆ ಸಂಬಂಧಿಸಿದ ಶಾಸನಗಳಲ್ಲಿ ಬಾದಾಮಿ ಚಾಲುಕ್ಯರ ಕಾಲದ ದಾನಗಳ ಪಾಠವಿದೆ. ಆದರೆ ಕಲ್ಲಿನ ಮೇಲಿನ ಅಕ್ಷರಗಳ ರೂಪ ಚಾಲುಕ್ಯರ ನಂತರದ ಕಾಲದ್ದು. ಹಳೆಯ ದಾಖಲೆಗಳನ್ನು ಆಮೇಲೆ ಹೊಸ ಕಲ್ಲಿಗೆ ಇಳಿಸಿರಬೇಕೆಂದು ಶಾಸನತಜ್ಞ ಜೆ. ಎಫ್. ಫ್ಲೀಟ್ 19ನೇ ಶತಮಾನದಲ್ಲೇ ವಾದಿಸಿದ. ಇಳಿಸುವಾಗ ಏನು ಉಳಿಯಿತು, ಏನು ಸೇರಿತು ಎಂಬ ಚರ್ಚೆ ಅಲ್ಲಿಂದ ನಡೆದೇ ಇದೆ. ಮೂಲ ಸರ್ವರ್ ಈಗ ಲಭ್ಯವಿಲ್ಲ.

ಓಟಿಪಿ ಯಾರ ಫೋನಿಗೆ?

ತಾಂತ್ರಿಕ ತೊಡಕುಗಳಿಗೆಲ್ಲ ಒಂದಲ್ಲ ಒಂದು ದಾರಿಯಿದೆ. ಕಂಗೆಡಿಸುವುದು ಬೇರೆ.

ಡಿಎನ್ಎಸ್ ಪುಸ್ತಕ ಇಟ್ಟುಕೊಳ್ಳುವ ನೇಮ್‌ಸರ್ವರ್ ಬದಲಿಸಬೇಕು. ಡೊಮೇನ್ ಕೊಂಡ ಕಡೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ಯಾರ ಬಳಿಯೂ ಇಲ್ಲ. ‘ಮರೆತಿದ್ದೇನೆ’ ಒತ್ತಿದರೆ ಓಟಿಪಿ ಹೋಗುವುದು ಒಂದು ಹಳೆಯ ಮೊಬೈಲ್ ಸಂಖ್ಯೆಗೆ. ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತವೆ. ಯಾರ ನಂಬರದು? ಸಂಸ್ಥೆಯ ಅಧ್ಯಕ್ಷರದಲ್ಲ, ಹೆಡ್‌ಮಾಸ್ತರರದಲ್ಲ, ಗುಮಾಸ್ತರದೂ ಅಲ್ಲ. ಹತ್ತು ವರ್ಷದ ಹಿಂದೆ ಪ್ರಾಜೆಕ್ಟ್ ಎಂದು ಸೈಟ್ ಮಾಡಿಕೊಟ್ಟ ಹಳೆಯ ವಿದ್ಯಾರ್ಥಿಯದು ಇರಬಹುದು. ಅವನು ಎಲ್ಲಿದ್ದಾನೆ? ಅವನ ಸೋದರಮಾವ ಶಿರಹಟ್ಟಿಯಲ್ಲಿದ್ದಾರಂತೆ. ಅವರ ಮನೆಗೆ ಒಬ್ಬರನ್ನು ಕಳಿಸಬೇಕು.

ನಗಬೇಡಿ. ಸಣ್ಣ ಊರಿನ ಬಹಳಷ್ಟು ಸ್ಥಳಾಂತರಗಳು ಹೀಗೆ ಬೈಕಿನ ಮೇಲೆಯೇ ನಡೆಯುತ್ತವೆ.

ಸಂಸ್ಥೆ ವರ್ಷವರ್ಷ ದುಡ್ಡು ಕೊಟ್ಟಿದೆ, ರಸೀದಿಯೂ ಇದೆ. ಆದರೆ ನೋಂದಣಿಯಲ್ಲಿರುವ ಹೆಸರು ಬೇರೆಯವರದು. ಡೊಮೇನ್ ಮಾರುವ ರಿಜಿಸ್ಟ್ರಾರ್ ಕಂಪನಿಗೆ ರಸೀದಿ ಬೇಕಿಲ್ಲ. ಅದು ಕೇಳುವುದು ಖಾತೆಯ ಒಡೆಯನನ್ನು. ಗದ್ದೆ ಉಳುವವನೊಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು ಎಂಬ ತಂಟೆಯ ಕಷ್ಟ ಗೊತ್ತಿದ್ದ ಹಿರಿಯರೂ ಡೊಮೇನ್ ವಿಷಯಕ್ಕೆ ಬಂದಾಗ ‘ಅದೆಲ್ಲ ಹುಡುಗ್ರು ನೋಡತಾರ’ ಎಂದು ಬಿಡುತ್ತಾರೆ. ನನ್ನ ಮಟ್ಟಿಗೆ ಇದು ಬರೀ ಅಲಕ್ಷ್ಯ. ತಂತ್ರಜ್ಞಾನ ಗೊತ್ತಿಲ್ಲ ಎಂಬುದು ಇದಕ್ಕೆ ನೆಪವಾಗದು.

ರಿಸೆಲ್ಲರ್‌ಗಳೂ ಸಾಚಾಗಳೇನಲ್ಲ. ಗಿರಾಕಿ ಕೈಬಿಟ್ಟು ಹೋಗದಿರಲೆಂದು ಡೊಮೇನನ್ನು ತಮ್ಮದೇ ಹೆಸರಿಗೆ ಕೊಳ್ಳುವವರಿದ್ದಾರೆ. ಬಿಟ್ಟು ಹೋಗುತ್ತೇನೆಂದರೆ ವರ್ಗಾವಣೆಯ ಗುಪ್ತಸಂಖ್ಯೆ ಕೊಡಲು ಸತಾಯಿಸುತ್ತಾರೆ. ಕಾಮ್, ಆರ್ಗ್ ಮುಂತಾದ ಹೆಸರುಗಳನ್ನು ಹೊಸದಾಗಿ ಕೊಂಡ ಅಥವಾ ಒಮ್ಮೆ ಕಂಪನಿ ಬದಲಿಸಿದ ಮೊದಲ 60 ದಿನ ಬೇರೆ ಕಂಪನಿಗೆ ಒಯ್ಯಲು ಬರುವುದಿಲ್ಲ. ಆದರೆ ನೇಮ್‌ಸರ್ವರ್ ಬದಲಿಸಲು ಯಾವ ತಡೆಯೂ ಇಲ್ಲ. ಎರಡೂ ಬೇರೆ ಬೇರೆ ಎಂಬುದು ಗಿರಾಕಿಗೆ ಗೊತ್ತಿಲ್ಲದಿರುವುದೇ ಕೆಲವರ ಬಂಡವಾಳ.

ಅವಧಿ ಮುಗಿಯುವುದು ಇನ್ನೂ ಅಪಾಯ. ಮುಗಿದ ಮೇಲೆ ಕೆಲವು ವಾರ ಮಾಮೂಲಿ ದರಕ್ಕೇ ಉಳಿಸಿಕೊಳ್ಳಬಹುದು. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಕಾಲ. ಕೊನೆಗೆ 5 ದಿನ ಯಾರೂ ಏನೂ ಮಾಡಲಾಗದು. ಆರನೆಯ ದಿನ ಮಠದ ಹೆಸರಿನ ಡೊಮೇನ್ ಜೂಜಿನ ಜಾಹೀರಾತಿನವರ ಕೈಗೆ ಹೋಗಬಹುದು.

ಕಾಲೇಜುಗಳಿಗೆ ಬೇರೆ ದಾರಿ. ‘ಎಸಿ ಡಾಟ್ ಇನ್’, ‘ಇಡಿಯು ಡಾಟ್ ಇನ್’ ಹೆಸರುಗಳು ಎರ್ನೆಟ್ ಇಂಡಿಯಾ ಮೂಲಕವೇ ಸಿಗಬೇಕು, ಅದೂ ಸಂಸ್ಥೆಯ ದಾಖಲೆ ಕೊಟ್ಟು. ಪಡೆಯುವಾಗ ಪೀಕಲಾಟ, ಆದರೆ ಒಡೆತನ ಮಾತ್ರ ಸ್ಪಷ್ಟ. ಅವರ ತಲೆನೋವು ಮತ್ತೊಂದು: ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್. ಮೌಲ್ಯಮಾಪನಕ್ಕೆ ಕೊಟ್ಟ ವರದಿಯಲ್ಲಿ ಸೈಟಿನ ಪುಟಗಳ ಕೊಂಡಿಗಳಿರುತ್ತವೆ. ಹೊಸ ಸರ್ವರಿನಲ್ಲಿ ಫೋಲ್ಡರಿನ ಹೆಸರಿನ ಒಂದು ದೊಡ್ಡಕ್ಷರ ಚಿಕ್ಕಕ್ಷರವಾದರೂ ಲಿನಕ್ಸ್‌ಗೆ ಅದು ಬೇರೆಯದೇ ಪುಟ. ಕೊಂಡಿ ಸತ್ತಿದೆಯೆಂದು ತಿಳಿಯುವುದು ಸಾಮಾನ್ಯವಾಗಿ ಪರಿಶೀಲನೆಯ ಹಿಂದಿನ ದಿನ.

ಸರ್ಕಾರಿ ಬಿಡಾರ

ಸರ್ಕಾರಿ ಸೈಟುಗಳಿಗೆ ಈ ರಾತ್ರಿಪಾಳಿ ಬೇಕಿಲ್ಲ. ಗದಗ ಜಿಲ್ಲೆಯ ಅಧಿಕೃತ ತಾಣ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ‘ಎಸ್‌3ವಾಸ್’ ವೇದಿಕೆಯಲ್ಲಿದೆ. ದೇಶದ ಬಹುತೇಕ ಜಿಲ್ಲೆಗಳಿಗೆ ಅದೇ ಚೌಕಟ್ಟು; ಗದಗದ್ದೂ ಮಹಾರಾಷ್ಟ್ರದ ಗೋಂಡಿಯಾದ್ದೂ ಒಂದೇ ಅಚ್ಚು. ಗದಗ-ಬೆಟಗೇರಿ ನಗರಸಭೆ, ಸುತ್ತಲಿನ ಪುರಸಭೆ, ಪಟ್ಟಣ ಪಂಚಾಯಿತಿಗಳ ತಾಣಗಳನ್ನು ರಾಜ್ಯದ ಪೌರಾಡಳಿತ ಇಲಾಖೆ ಒಂದೇ ಸೂರಿನಡಿ ಇಟ್ಟಿದೆ. ಚೆಂದ ಕಾಣುತ್ತವೆಯೇ ಎಂಬುದು ಬೇರೆ ಮಾತು. ಪಾಸ್‌ವರ್ಡ್ ಸೋದರಮಾವನ ಬಳಿ ಇಲ್ಲ ಎಂಬುದೇ ದೊಡ್ಡ ನೆಮ್ಮದಿ.

ಖಾಸಗಿಯವರಿಗೂ ಇಂಥ ತಯಾರು ವೇದಿಕೆಗಳಿವೆ. ತಿಂಗಳಿಗಿಷ್ಟು ಕಟ್ಟಿದರೆ ಪ್ಯಾನೆಲ್ಲೂ ಬೇಡ, ಸರ್ವರೂ ಬೇಡ. ಆದರೆ ಅಲ್ಲಿಂದ ಹೊರಬೀಳುವುದಕ್ಕೆ ಸಿಪಿಮೂವ್‌ನಂಥ ಗಂಟು ಸಿಗುವುದಿಲ್ಲ. ಹುಡುಗನ ಅಭಿಪ್ರಾಯ ಕೇಳಿದೆ. ‘ಒಳಗ ಹೋಗೂದು ಸಸಾರ ರೀ. ಹೊರಗ ಬರೂದು ಕೇಳ್ರಿ ಮೊದಲ’ ಎಂದ. ವ್ಯಾಪಾರಿಯ ಮಾತೇ ಆದರೂ ತೆಗೆದುಹಾಕುವಂಥದ್ದಲ್ಲ.

ಸ್ಥಳಾಂತರಕ್ಕೆ ಅವನು ಬೇರೆ ಶುಲ್ಕ ಕೇಳುವುದಿಲ್ಲ. ಕೇಳಿದರೆ ಯಾರೂ ಕೊಡುವುದಿಲ್ಲ. ಹಳೆಯ ಸರ್ವರಿಗೆ ಇನ್ನೊಂದು ತಿಂಗಳ ಬಾಡಿಗೆ ಕೈಯಿಂದಲೇ ಕಟ್ಟಿ ಇಟ್ಟುಕೊಳ್ಳುತ್ತಾನೆ. ಮೊದಲ ವಾರ ಮೇಲ್ ತಕರಾರು. ಎರಡನೇ ವಾರ ಯಾರಿಗೋ ಹಳೆಯ ಫೋಟೋ ಕಾಣುವುದಿಲ್ಲ. ತಿಂಗಳ ಕೊನೆಗೆ ಓಡುವ ಕ್ರಾನ್ ಕೆಲಸ ಕೆಟ್ಟಿದೆಯೆಂದು ತಿಳಿಯಲು ತಿಂಗಳ ಕೊನೆಯೇ ಬರಬೇಕು. ಅಲ್ಲಿಯವರೆಗೆ ಹಳೆಯದನ್ನು ಅಳಿಸುವಂತಿಲ್ಲ.

ಪರಿಕರಗಳಿಗೆ ವಿವೇಕವಿಲ್ಲ ಎನ್ನುವುದಕ್ಕೆ ಅವನು ತೋರಿಸಿದ್ದು ಒಂದು ಸಾಲನ್ನು. ಲಕ್ಷ್ಮೇಶ್ವರ 2018ರಿಂದ ತಾನೇ ಒಂದು ತಾಲ್ಲೂಕು. ಅಲ್ಲಿನ ಸೈಟುಗಳ ಅಡಿಯಲ್ಲಿ ಮಾತ್ರ ‘ಲಕ್ಷ್ಮೇಶ್ವರ, ತಾ: ಶಿರಹಟ್ಟಿ’ ಎಂಬ ವಿಳಾಸ ಇನ್ನೂ ಉಳಿದಿರುತ್ತದೆ. ಮೂರು ಸರ್ವರ್, ಎರಡು ಪ್ಯಾನೆಲ್ ದಾಟಿ ಬಂದರೂ ಒಂದು ಬೈಟೂ ಕೆಡದೆ ಬಂದದ್ದು ಆ ಸಾಲೇ. ಇದೊಂದನ್ನು ತಿದ್ದಲೇ ಎಂದು ಗಿರಾಕಿಗೆ ವಾಟ್ಸ್ಆ್ಯಪ್ ಮಾಡಿದ್ದಾನಂತೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.